ಕಪ್ಪಾದ ಮಾತ್ರಕ್ಕೆ ಕಬ್ಬಿಣವಾಯಿತೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಎಲೆಯ ಕಷಾಯಕ್ಕೆ ಕಬ್ಬಿಣದ ಲವಣ ಬೆರೆಸಿ ನ್ಯಾನೋ ಕಣ ತಯಾರಿಸುವುದು, ಅದರಿಂದ ಕೊಳಕು ನೀರನ್ನು ಶುದ್ಧಮಾಡುವುದು: ಈ ಬಗ್ಗೆ ಹಲವರು ಬರೆದಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ನೀಲಗಿರಿ ಎಲೆಯಿಂದ ಕಬ್ಬಿಣದ ನ್ಯಾನೋ ಕಣ ಮಾಡುತ್ತಿದ್ದೇನೆ. ಒಮ್ಮೆ ಕಪ್ಪು ಬರುತ್ತದೆ, ಒಮ್ಮೆ ಕಂದು, ಇನ್ನೊಮ್ಮೆ ಕೊಳಕು ಹಸಿರು. ಅಳತೆ ಸಮೇತ ಸರಿಯಾದ ವಿಧಾನ ತಿಳಿಸಿ.
(ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಎಲೆಯಿಂದ ಶುರುಮಾಡೋಣ. ನಲ್ಲಿ ನೀರಿನಲ್ಲಿ ತೊಳೆದು, ಕೊನೆಗೊಮ್ಮೆ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ ಪುಡಿಮಾಡಿ. ಹಸಿ ಎಲೆ ಬೇಡ. ಅದರಲ್ಲಿ ನೀರು ಎಷ್ಟಿದೆಯೆಂಬ ಲೆಕ್ಕ ಸಿಗದು, ಹಾಗಾಗಿ ಪ್ರತಿ ಸಲವೂ ಕಷಾಯದ ಬಲ ಬೇರೆಯಾಗುತ್ತದೆ. ಪೋರ್ಚುಗಲ್ಲಿನ ಸಂಶೋಧಕರು 26 ಜಾತಿಯ ಮರಗಳ ಎಲೆ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಒಣಗಿದ ಎಲೆಯ ಕಷಾಯವೇ ಬಲವಾಗಿತ್ತು.

100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 6 ಗ್ರಾಂ ಪುಡಿ ಹಾಕಿ, 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಲಕುತ್ತಾ ಇಡಿ. ಕುದಿಸಬೇಡಿ. ಮೊದಲು ಬಟ್ಟೆಯಲ್ಲಿ, ತಣಿದ ಮೇಲೆ ಫಿಲ್ಟರ್ ಕಾಗದದಲ್ಲಿ ಸೋಸಿ. ಅವತ್ತಿನ ಕಷಾಯ ಅವತ್ತೇ ಮುಗಿದರೆ ಒಳ್ಳೆಯದು. ಫ್ರಿಜ್ಜಿನಲ್ಲಿ ಇಟ್ಟರೂ ಎರಡು ಮೂರು ದಿನಕ್ಕೆ ಬೂಷ್ಟು ಬರುತ್ತದೆ.

ಕಬ್ಬಿಣದ ದ್ರಾವಣ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಇರಲಿ. 100 ಮಿ.ಲೀ.ಗೆ ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ ಆದರೆ 1.99 ಗ್ರಾಂ, ಫೆರಸ್ ಸಲ್ಫೇಟ್ ಹೆಪ್ಟಾಹೈಡ್ರೇಟ್ ಆದರೆ 2.78 ಗ್ರಾಂ, ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಆದರೆ 2.70 ಗ್ರಾಂ. ಇಲ್ಲಿ ಎಡವುವವರು ಬಹಳ. ಪ್ರಬಂಧಗಳಲ್ಲಿ ನೀರಿನಂಶವಿಲ್ಲದ ಫೆರಿಕ್ ಕ್ಲೋರೈಡಿನ ತೂಕ 1.62 ಗ್ರಾಂ ಎಂದಿರುತ್ತದೆ, ಲ್ಯಾಬಿನ ಬಾಟಲಿಯಲ್ಲಿ ಇರುವುದು ಹೆಕ್ಸಾಹೈಡ್ರೇಟ್. ಅದೇ 1.62 ತೂಗಿ ಹಾಕಿದರೆ ದ್ರಾವಣ 0.06 ಮೋಲಾರ್ ಆಗುತ್ತದೆ, ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಲೇಬಲ್ ಓದಿ.

ಫೆರಸ್ ಲವಣವನ್ನು ಕುದಿಸಿ ಆರಿಸಿದ ನೀರಿನಲ್ಲಿ ಬಳಸುವ ಮುನ್ನವಷ್ಟೇ ಕರಗಿಸಿಕೊಳ್ಳಿ. ತಿಳಿ ಹಸಿರಿದ್ದದ್ದು ಹಳದಿಗೆ ತಿರುಗಿದ್ದರೆ ಗಾಳಿ ತಾಗಿ ಫೆರಿಕ್ (ಉತ್ಕರ್ಷಿತ ರೂಪ) ಆಗಿದೆಯೆಂದೇ ಅರ್ಥ, ಚೆಲ್ಲಿಬಿಡಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅದರಲ್ಲಿರುವ ಬೈಕಾರ್ಬೊನೇಟಿನಿಂದಾಗಿ ಕಷಾಯ ಮುಟ್ಟುವ ಮೊದಲೇ ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ. ನಿಮ್ಮ ಕಂದು ಬಣ್ಣಕ್ಕೆ ಇದೂ ಒಂದು ಕಾರಣವಿರಬಹುದು.

ಈಗ 60 ಮಿ.ಲೀ. ಕಷಾಯವನ್ನು ಕಲಕುತ್ತಾ, 40 ಮಿ.ಲೀ. ಕಬ್ಬಿಣದ ದ್ರಾವಣವನ್ನು ನಿಮಿಷಕ್ಕೆ 2 ಮಿ.ಲೀ.ನಂತೆ ಬಿಡಿ. ನಂತರ 1 ಮೋಲಾರ್ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ ಅನ್ನು 6ಕ್ಕೆ ತನ್ನಿ. ಬಣ್ಣ ಕೆಡುವುದು ಬಹುಪಾಲು ಈ ಘಟ್ಟದಲ್ಲೇ. ಕೈ ತಪ್ಪಿ 8, 9 ದಾಟಿದರೆ ಕಷಾಯದ ಪಾಲಿಫಿನಾಲ್ (ಎಲೆಯ ಒಗರಿನ ಪದಾರ್ಥ) ತಾನೇ ಉತ್ಕರ್ಷಿಸಿ ಕಂದಾಗುತ್ತದೆ, ಜೊತೆಗೆ ಫೆರಿಕ್ ಹೈಡ್ರಾಕ್ಸೈಡ್ ಇಳಿಯುತ್ತದೆ. ಕಷಾಯ ತೆಳುವಾಗಿದ್ದು ಕಾಸ್ಟಿಕ್ ಹೆಚ್ಚಾದರೆ ಕಾಣುವ ಕೊಳಕು ಹಸಿರು ಫೆರಸ್ ಹೈಡ್ರಾಕ್ಸೈಡಿನದು. ಮೇಲಿನಿಂದ ಆಮ್ಲ ಹಾಕಿ ಪಿಎಚ್ ಮತ್ತೆ 6ಕ್ಕೆ ಇಳಿಸಿದರೂ ಪದಾರ್ಥ ಮೊದಲಿನಂತಾಗುವುದಿಲ್ಲ. ಹೊಸದಾಗಿ ಮಾಡಿ.

ನಿಮಿಷಕ್ಕೆ 10,000 ಸುತ್ತಿನ ವೇಗದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಎಥನಾಲಿನಲ್ಲಿ ಎರಡು ಸಲ ತೊಳೆದು, ನಿರ್ವಾತ ಒಲೆಯಲ್ಲಿ 50–60 ಡಿಗ್ರಿಯಲ್ಲಿ ಒಣಗಿಸಿ.

ಕೊನೆಗೊಂದು ಲೆಕ್ಕ, ಇದನ್ನು ಮಾತ್ರ ಮರೆಯಬೇಡಿ. 40 ಮಿ.ಲೀ. ದ್ರಾವಣದಲ್ಲಿದ್ದ ಕಬ್ಬಿಣ ಒಟ್ಟು 0.22 ಗ್ರಾಂ. ಒಣಪುಡಿ ಅದಕ್ಕಿಂತ ಎಷ್ಟು ಹೆಚ್ಚು ತೂಗುತ್ತದೋ ಅಷ್ಟಂತೂ ಕಬ್ಬಿಣವಲ್ಲ, ಮುಖ್ಯವಾಗಿ ಎಲೆಯ ಸಾರ. ‘100 ಮಿ.ಗ್ರಾಂ ನ್ಯಾನೋ ಕಬ್ಬಿಣ ಹಾಕಿದೆ’ ಎಂದು ಬರೆಯುವ ಮೊದಲು ಸ್ವಲ್ಪ ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಕಬ್ಬಿಣ ಎಷ್ಟಿದೆ ಅಳೆಯಿರಿ.

ಪ್ರಶ್ನೆ: ಹಸಿರು ಚಹಾದ ಕಷಾಯಕ್ಕೆ ಫೆರಿಕ್ ಕ್ಲೋರೈಡ್ ಬಿದ್ದ ಕ್ಷಣವೇ ದ್ರಾವಣ ಕಪ್ಪಾಯಿತು. ಶೂನ್ಯ ವೇಲೆನ್ಸಿ ಕಬ್ಬಿಣ, ಅಂದರೆ ಲೋಹ ರೂಪದ ಕಬ್ಬಿಣ, ಸಿಕ್ಕಿತೆಂದು ಬರೆದುಕೊಂಡೆವು. ಆದರೆ ಹರಳಿನ ರಚನೆ ತೋರಿಸುವ ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ ಒಂದೂ ಪೀಕ್ ಇಲ್ಲ. ಪ್ರಯೋಗ ಕೆಟ್ಟಿತೇ?
(ಸಂಶೋಧನಾ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಪ್ರಯೋಗ ಕೆಟ್ಟಿಲ್ಲ. ಬರೆದುಕೊಂಡದ್ದು ತಪ್ಪು.

ಬಾಳೆಕಾಯಿ ಹೆಚ್ಚಿದ ಈಳಿಗೆಮಣೆ ಕಪ್ಪಾಗುವುದನ್ನು, ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ ನೆಲ್ಲಿಕಾಯಿ ಮಸಿಯಂತಾಗುವುದನ್ನು ಎಲ್ಲರೂ ನೋಡಿದ್ದೇವೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ (ಫೆರಸ್ ಸಲ್ಫೇಟ್) ಬೆರೆಸಿದರೆ ಬರೆಯುವ ಶಾಯಿಯೇ ಆಗುತ್ತದೆ. ಒಗರಿನ ಪದಾರ್ಥವೂ ಫೆರಿಕ್ ಅಯಾನೂ ಕೈಹಿಡಿದರೆ ಬರುವ ಬಣ್ಣವಿದು. ನಿಮ್ಮ ಬೀಕರಿನಲ್ಲಿ ಮೊದಲ ಕ್ಷಣಕ್ಕೆ ಕಂಡದ್ದೂ ಈ ಶಾಯಿಯೇ.

ಕಾರಣ ವೋಲ್ಟಿನಲ್ಲಿದೆ. ಫೆರಿಕ್ ಅನ್ನು ಫೆರಸ್‌ಗೆ ಇಳಿಸುವ ಪ್ರಮಾಣ ವಿಭವ +0.77 ವೋಲ್ಟ್. ಪಾಲಿಫಿನಾಲಿಗೆ ಇದು ಸಲೀಸು. ಫೆರಸ್‌ನಿಂದ ಲೋಹಕ್ಕೆ ಹೋಗಲು −0.44 ವೋಲ್ಟ್ ಬೇಕು. ಚಹಾ, ನೀಲಗಿರಿ, ದಾಳಿಂಬೆ, ಯಾವ ಕಷಾಯಕ್ಕೂ ಸಾಮಾನ್ಯ ಸ್ಥಿತಿಯಲ್ಲಿ ಅಷ್ಟು ಕಸುವಿಲ್ಲ. ಸೋಡಿಯಂ ಬೋರೋಹೈಡ್ರೈಡಿಗೆ ಇದೆ. 1997ರಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ವಾಂಗ್ ಮತ್ತು ಜಾಂಗ್ ನ್ಯಾನೋ ಗಾತ್ರದ ಲೋಹ ಕಬ್ಬಿಣದಿಂದ ಕ್ಲೋರಿನ್ ಸೇರಿದ ದ್ರಾವಕಗಳನ್ನು ಒಡೆದು ತೋರಿಸಿದಾಗ ಬಳಸಿದ್ದು ಅದನ್ನೇ. ಅದು ದುಬಾರಿ, ವಿಷಕಾರಿ, ಕೆಲಸಮಾಡುವಾಗ ಹೈಡ್ರೋಜನ್ ಉಗುಳುತ್ತದೆ. ಅದಕ್ಕೆ ಬದಲಿ ಹುಡುಕುವಾಗಲೇ ಚಹಾ ಬಂತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ರಾಜೇಂದರ್ ವರ್ಮಾ ಅವರಿದ್ದ ತಂಡ 2009ರಲ್ಲಿ ಪ್ರಕಟಿಸಿದ ಚಹಾ ಪ್ರಯೋಗದ ಬೆನ್ನಿಗೆ ಇಂಥ ಪ್ರಬಂಧಗಳ ಸುಗ್ಗಿಯೇ ಆಯಿತು. 2014ರಲ್ಲಿ ಚೆಕ್ ದೇಶದ ಓಲೊಮೌಟ್ಸ್‌ನ ಸಂಶೋಧಕರು ಚಹಾದ ಇಂಥದೇ ಪದಾರ್ಥವನ್ನು, ಕಬ್ಬಿಣ ಯಾವ ರೂಪದಲ್ಲಿದೆಯೆಂದು ತಿಳಿಸುವ ಮೋಸ್‌ಬಾವರ್ ವಿಧಾನದಲ್ಲಿ ಪರೀಕ್ಷಿಸಿದರು. ಸಿಕ್ಕಿದ್ದು ಕಬ್ಬಿಣ ಮತ್ತು ಪಾಲಿಫಿನಾಲಿನ ಸಂಕೀರ್ಣ (ಎರಡೂ ಬೆಸೆದುಕೊಂಡ ಸಂಯುಕ್ತ), ಲೋಹವಲ್ಲ.

ನೀವೇ ಮಾಡಬಹುದಾದ ಪರೀಕ್ಷೆಗಳಿವೆ. ಫೆರಿಕ್ ಬದಲು ತಾಜಾ ಫೆರಸ್ ಲವಣವನ್ನು ನೈಟ್ರೋಜನ್ ಹಾಯಿಸುತ್ತಾ ಕಷಾಯಕ್ಕೆ ಸೇರಿಸಿ: ಬಣ್ಣ ಮಂಕಾಗಿರುತ್ತದೆ. ಮುಚ್ಚಳ ತೆಗೆದು ಗಾಳಿಗಿಡಿ: ನೋಡನೋಡುತ್ತಾ ಕಪ್ಪಾಗುತ್ತದೆ. ಲೋಹ ಹುಟ್ಟುತ್ತಿದ್ದರೆ ಗಾಳಿ ಅದಕ್ಕೆ ಅಡ್ಡಿಯಾಗಬೇಕಿತ್ತೇ ಹೊರತು ನೆರವಾಗಬಾರದಿತ್ತು. ಇನ್ನೊಂದು, ಒಣಪುಡಿಗೆ ಬಲವಾದ ಅಯಸ್ಕಾಂತ ಹಿಡಿಯಿರಿ. ಲೋಹವಾಗಲಿ ಮ್ಯಾಗ್ನಟೈಟ್ (ಅಯಸ್ಕಾಂತೀಯ ಕಬ್ಬಿಣದ ಆಕ್ಸೈಡ್) ಆಗಲಿ ನೆಗೆದು ಅಂಟುತ್ತದೆ, ಸಂಕೀರ್ಣ ಅಲುಗುವುದಿಲ್ಲ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಗುಳ್ಳೆ ಏಳದಿದ್ದರೆ ಲೆಕ್ಕಕ್ಕೆ ಬರುವಷ್ಟು ಲೋಹ ಅದರಲ್ಲಿಲ್ಲ.

ಇನ್ನು ನಿಮ್ಮ ಡಿಫ್ರಾಕ್ಷನ್. ತಾಮ್ರದ ಎಕ್ಸ್‌ರೇ ನಳಿಕೆಯಲ್ಲಿ ಲೋಹ ಕಬ್ಬಿಣದ ಮುಖ್ಯ ಪೀಕ್ 44.7 ಡಿಗ್ರಿಯಲ್ಲಿ, ಮ್ಯಾಗ್ನಟೈಟಿನದು 35.5ರ ಹತ್ತಿರ ಬರುತ್ತದೆ. ಸಂಕೀರ್ಣಕ್ಕೆ ಹರಳಿನ ಕಟ್ಟಿಲ್ಲ, ಪೀಕ್ ಇಲ್ಲದಿರುವುದೇ ಸಹಜ. ಜೊತೆಗೆ ತಾಮ್ರದ ಕಿರಣ ತಾಗಿದರೆ ಕಬ್ಬಿಣ ತಾನೇ ಮಿನುಗಿ ಹಿನ್ನೆಲೆಯನ್ನು ಎತ್ತರಿಸುತ್ತದೆ. ಆ ಗದ್ದಲದಲ್ಲಿ ಕಂಡ ಸಣ್ಣ ಉಬ್ಬನ್ನೆಲ್ಲ ‘ನ್ಯಾನೋ ಕಬ್ಬಿಣ’ ಎಂದು ಗುರುತು ಹಾಕುವ ಅಭ್ಯಾಸ ಪ್ರಬಂಧಗಳಲ್ಲಿ ಬೇಕಾದಷ್ಟಿದೆ, ಅದನ್ನು ಕಲಿಯಬೇಡಿ. ಕೋಬಾಲ್ಟ್ ನಳಿಕೆ ಸಿಕ್ಕರೆ ಮತ್ತೊಮ್ಮೆ ಮಾಡಿಸಿ. ಕಬ್ಬಿಣಕ್ಕೆ ಬೆಳ್ಳಿ, ಚಿನ್ನದಂತೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಪ್ಲಾಸ್ಮಾನ್ ಪೀಕ್ (ಲೋಹದ ಕಣ ಬೆಳಕು ಹೀರುವ ಗುರುತು) ಇಲ್ಲ. 270 ನ್ಯಾನೋಮೀಟರ್ ಆಸುಪಾಸಿನಲ್ಲಿ ಕಾಣುವುದು ಚಹಾದ ಪೀಕ್. ಪ್ರಬಂಧದ ಶೀರ್ಷಿಕೆಯಲ್ಲಿ ‘ಕಬ್ಬಿಣ–ಪಾಲಿಫಿನಾಲ್ ನ್ಯಾನೋ ಕಣ’ ಎಂದು ಬರೆಯಿರಿ, ಮರ್ಯಾದೆಗೇನೂ ಕುಂದಿಲ್ಲ. ಈ ಪದಾರ್ಥವೂ ಬಣ್ಣ ಕಳೆಯುತ್ತದೆ, ವಿಷಕಾರಿ ಕ್ರೋಮಿಯಂ ಅನ್ನು ಅಪಕರ್ಷಿಸುತ್ತದೆ. ಅದು ನಡೆಯುವ ದಾರಿ ಮಾತ್ರ ಬೇರೆ.

ಪ್ರಶ್ನೆ: ಅಡಿಕೆ ಬೇಯಿಸಿದ ಚೊಗರು ನಮ್ಮಲ್ಲಿ ಬೇಕಾದಷ್ಟು ಉಳಿಯುತ್ತದೆ. ಚಹಾ, ನೀಲಗಿರಿ ಬದಲು ಇದನ್ನೇ ಬಳಸಬಹುದೇ?
(ಅಡಿಕೆ ಬೆಳೆಗಾರರು, ಶಿರಸಿ)

ಉತ್ತರ: ಬಳಸಬಹುದು. ಚೊಗರಿನಲ್ಲಿ ಒಗರು ಭರಪೂರ ಇದೆ. ಆದರೆ ಅದರ ಜಾತಿ ಬೇರೆ. ಅಳಲೆಕಾಯಿ, ದಾಳಿಂಬೆ ಸಿಪ್ಪೆಗಳ ಟ್ಯಾನಿನ್ ಕಬ್ಬಿಣದೊಂದಿಗೆ ನೀಲಿಗಪ್ಪು ಕೊಡುತ್ತದೆ. ಅಡಿಕೆಯದು ಕ್ಯಾಟೆಚಿನ್ ಸರಪಳಿಯ ಟ್ಯಾನಿನ್, ಅದು ಹಸಿರುಗಪ್ಪು ಕೊಡುತ್ತದೆ. ಹಸಿರು ಕಂಡಿತೆಂದು ಚೆಲ್ಲಬೇಡಿ.

ತೊಂದರೆ ಬರುವುದು ಹಂಡೆಯಿಂದ. ತಾಮ್ರದ ಹಂಡೆಯಲ್ಲಿ ಬೇಯಿಸಿದ್ದರೆ ಚೊಗರಿಗೆ ತಾಮ್ರ ಸೇರಿರುತ್ತದೆ, ಕಬ್ಬಿಣದ್ದಾದರೆ ಶಾಯಿ ಅಲ್ಲೇ ಆಗಿ ಮುಗಿದಿರುತ್ತದೆ. ಸುಣ್ಣ ಹಾಕಿದ್ದರೆ ಪ್ರಯೋಗಕ್ಕೆ ಆಗದು. ಸ್ಟೀಲ್ ಪಾತ್ರೆಯಲ್ಲಿ ಒಂದು ಸರದಿ ಬೇರೆಯಾಗಿ ಬೇಯಿಸಿ ತೆಗೆದಿಡಿ. ಬಿಸಿಯಿದ್ದಾಗ ಒಮ್ಮೆ ಸೋಸಿ, ತಣಿದಾಗ ಮತ್ತೊಮ್ಮೆ ಸೋಸಿ. ಅಡಿಕೆಯ ಟ್ಯಾನಿನ್ ತಣ್ಣನೆಯ ನೀರಿನಲ್ಲಿ ಪೂರ್ತಿ ಕರಗಿ ನಿಲ್ಲದು, ಕೆಂಪು ಮಡ್ಡಿ ಇಳಿಯುತ್ತದೆ. ಆ ಮಡ್ಡಿ ಸೇರಿದರೆ ಕಣಗಳು ಮುದ್ದೆಯಾಗುತ್ತವೆ.

ಸರದಿಯಿಂದ ಸರದಿಗೆ ಚೊಗರಿನ ಬಲ ಬದಲಾಗುವುದರಿಂದ ಲೀಟರ್ ಲೆಕ್ಕ ನಂಬಬೇಡಿ. 10 ಮಿ.ಲೀ. ಚೊಗರನ್ನು ಬಟ್ಟಲಿನಲ್ಲಿ ಪೂರ್ತಿ ಒಣಗಿಸಿ ಉಳಿದದ್ದನ್ನು ತೂಗಿ, ಲೀಟರಿಗೆ 15 ಗ್ರಾಂ ಘನಪದಾರ್ಥ ಬರುವಂತೆ ತೆಳುಮಾಡಿ. ಅಲ್ಲಿಂದ ಮುಂದೆ ಮೇಲೆ ಹೇಳಿದ ಅಳತೆಯೇ. ಅನ್ನಭೇದಿ ಗ್ರಂಧಿಗೆ ಅಂಗಡಿಯಲ್ಲೂ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಹಳೆಯ ದಾಸ್ತಾನಿನ ಮೇಲೆ ತುಕ್ಕಿನ ಹಳದಿ ಪುಡಿ ಕೂತಿರುತ್ತದೆ. ತಿಳಿ ಹಸಿರು ಹರಳು ಆರಿಸಿಕೊಳ್ಳಿ.

ಪ್ರಶ್ನೆ: ಮೆಥಿಲೀನ್ ಬ್ಲೂ ದ್ರಾವಣಕ್ಕೆ ನಮ್ಮ ಕಣ ಹಾಕಿದರೆ ಹತ್ತು ನಿಮಿಷದಲ್ಲಿ ಬಣ್ಣ ಹೋಗುತ್ತದೆ. ಮರುದಿನ ನೋಡಿದರೆ ನೀಲಿ ವಾಪಸ್ ಬಂದಿರುತ್ತದೆ. ಏಕೆ?
(ಪದವಿ ವಿದ್ಯಾರ್ಥಿಗಳು, ಧಾರವಾಡ)

ಉತ್ತರ: ಬಣ್ಣ ಸತ್ತಿರಲಿಲ್ಲ, ಅಡಗಿ ಕೂತಿತ್ತು. ಮೆಥಿಲೀನ್ ಬ್ಲೂ ಅಪಕರ್ಷಣೆಗೊಂಡರೆ ಬಣ್ಣವಿಲ್ಲದ ಲ್ಯೂಕೋ ರೂಪ ತಾಳುತ್ತದೆ, ಗಾಳಿಯ ಆಮ್ಲಜನಕ ತಾಗಿದರೆ ಮತ್ತೆ ನೀಲಿ. ಜೀನ್ಸ್‌ಗೆ ಹಾಕುವ ಇಂಡಿಗೋ ಬಣ್ಣಕ್ಕೂ ಇದೇ ಗುಣವಿದೆ. ಇನ್ನೊಂದು ಸಾಧ್ಯತೆಯೂ ಉಂಟು: ಬಣ್ಣ ಕಣಗಳಿಗೆ ಅಂಟಿಕೊಂಡಿದ್ದು, ಪಿಎಚ್ ಬದಲಾದಂತೆ ಬಿಟ್ಟುಕೊಂಡಿರಬಹುದು. ಯಾವುದೆಂದು ತಿಳಿಯಲು ಬಣ್ಣ ಹೋದ ಕೂಡಲೇ ಕಣಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸಿ, ತಿಳಿಯನ್ನು ಮಾತ್ರ ತೆರೆದ ಬಾಟಲಿಯಲ್ಲಿ ಕುಲುಕಿ. ನೀಲಿ ಬಂದರೆ ಲ್ಯೂಕೋ. ಬಾರದಿದ್ದರೆ ಕಣಗಳನ್ನು ಎಥನಾಲಿನಲ್ಲಿ ತೊಳೆದು ನೋಡಿ, ಅಂಟಿದ್ದ ಬಣ್ಣ ಬಿಡುತ್ತದೆ. ಫಿಲ್ಟರ್ ಕಾಗದದಲ್ಲಿ ಮಾತ್ರ ಸೋಸಬೇಡಿ. ಮೆಥಿಲೀನ್ ಬ್ಲೂ ಕಾಗದಕ್ಕೇ ಅಂಟುತ್ತದೆ, ಕಾಗದ ಮಾಡಿದ ಕೆಲಸ ಕಣಗಳ ಹೆಸರಿಗೆ ಬರೆಯಲ್ಪಡುತ್ತದೆ!

ನಿಜವಾಗಿ ಒಡೆಯಬೇಕಾದರೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಕಬ್ಬಿಣ ಅದನ್ನು ಸೀಳಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ, ಅದು ಬಣ್ಣದ ಅಣುವನ್ನೇ ತುಂಡರಿಸುತ್ತದೆ. ಇದೇ ಫೆಂಟನ್ ಕ್ರಿಯೆ, ಪಿಎಚ್ 3ರ ಸುಮಾರಿಗೆ ಚುರುಕು. ಆದರೆ ಕಷಾಯದ ಸಾರವನ್ನೂ ರ‍್ಯಾಡಿಕಲ್ ತಿನ್ನುವುದರಿಂದ ಪೆರಾಕ್ಸೈಡ್ ಲೆಕ್ಕಕ್ಕಿಂತ ಹೆಚ್ಚು ಹಿಡಿಯುತ್ತದೆ.

ಪ್ರತಿ ಸಲವೂ ನಾಲ್ಕು ಬೀಕರ್ ಇಡಿ: ಬರೀ ಬಣ್ಣ, ಬಣ್ಣಕ್ಕೆ ಕಷಾಯ, ಬಣ್ಣಕ್ಕೆ ಅಷ್ಟೇ ಪ್ರಮಾಣದ ಕಬ್ಬಿಣದ ಲವಣ, ಬಣ್ಣಕ್ಕೆ ಕಣ. ಇದನ್ನೇ ಪೆರಾಕ್ಸೈಡ್ ಹಾಕಿ ಇನ್ನೊಮ್ಮೆ. ಲೀಟರಿಗೆ 10 ಮಿ.ಗ್ರಾಂ ಬಣ್ಣ ಸಾಕು, 664 ನ್ಯಾನೋಮೀಟರಿನಲ್ಲಿ ಓದಿ. ಬರೀ ಅನ್ನಭೇದಿ ಮತ್ತು ಪೆರಾಕ್ಸೈಡ್ ಇದ್ದ ಬೀಕರೇ ಗೆದ್ದರೆ ಬೇಸರಪಡಬೇಡಿ, ಹಾಗಾಗುವುದುಂಟು. ಸಿಒಡಿ (ನೀರಿನ ಕೊಳೆಯನ್ನು ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಅಳತೆ) ಪರೀಕ್ಷಿಸುವ ಮೊದಲು ಉಳಿದ ಪೆರಾಕ್ಸೈಡ್ ಕಳೆಯಿರಿ. ಇಲ್ಲದಿದ್ದರೆ ಅದೂ ಸಿಒಡಿಯಾಗಿ ತೋರುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಕ್ರೋಮ್ ಪ್ಲೇಟಿಂಗ್ ಘಟಕ. ದಿನಕ್ಕೆ ಸಾವಿರ ಲೀಟರ್ ತೊಳೆ ನೀರು, ಅದರಲ್ಲಿ ಲೀಟರಿಗೆ ಸುಮಾರು 50 ಮಿ.ಗ್ರಾಂ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ). ಅದನ್ನು ಅಪಕರ್ಷಿಸಲು ಈಗ ಬಳಸುವ ಮೆಟಾಬೈಸಲ್ಫೈಟ್ ಬಿಟ್ಟು ಈ ‘ಹಸಿರು’ ವಿಧಾನಕ್ಕೆ ಹೋಗಬಹುದೇ?
(ಘಟಕದ ಮಾಲೀಕರು, ಪೀಣ್ಯ, ಬೆಂಗಳೂರು)

ಉತ್ತರ: ಬೇಡ. ಲೆಕ್ಕ ಹೀಗಿದೆ.

ದಿನಕ್ಕೆ 50 ಗ್ರಾಂ ಕ್ರೋಮಿಯಂ. ಒಂದು ಗ್ರಾಂ ಹೆಕ್ಸಾವೇಲೆಂಟನ್ನು ಕಡಿಮೆ ವಿಷದ ಟ್ರೈವೇಲೆಂಟ್ ರೂಪಕ್ಕೆ ಇಳಿಸಲು ಸೈದ್ಧಾಂತಿಕವಾಗಿ 2.74 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಸಾಕು, ಅಂದರೆ ದಿನಕ್ಕೆ 137 ಗ್ರಾಂ. ಫೆರಸ್ ಕಬ್ಬಿಣವಾದರೆ 3.22 ಪಟ್ಟು, 161 ಗ್ರಾಂ. ಅನ್ನಭೇದಿಯಾಗಿ ಹೇಳುವುದಾದರೆ ಸುಮಾರು 800 ಗ್ರಾಂ. ಇಷ್ಟೇ ಕಬ್ಬಿಣವನ್ನು ಕಷಾಯದ ದಾರಿಯಲ್ಲಿ ತರಬೇಕೆಂದರೆ, ಮೊದಲ ಉತ್ತರದ ಮಿಶ್ರಣದ ಲೀಟರಿನಲ್ಲಿ 2.23 ಗ್ರಾಂ ಕಬ್ಬಿಣವಿರುವುದರಿಂದ 72 ಲೀಟರ್ ಮಿಶ್ರಣ, ಅದಕ್ಕೆ 43 ಲೀಟರ್ ಕಷಾಯ, ಅದಕ್ಕೆ ಎರಡೂವರೆ ಕೆಜಿಗೂ ಮೀರಿ ಒಣ ಎಲೆ. ಪ್ರತಿದಿನ. ಪಾಲಿಫಿನಾಲ್ ತಾನೂ ಒಂದಿಷ್ಟು ಕ್ರೋಮಿಯಂ ಇಳಿಸುವುದರಿಂದ ಇದು ಕೊಂಚ ತಗ್ಗಬಹುದು. ಆದರೆ ಎಲೆಯ ಕಾಲು ಭಾಗ ನೀರಿಗಿಳಿಯಿತೆಂದರೂ ಸಾವಿರ ಲೀಟರಿಗೆ 650 ಗ್ರಾಂ ಸಾವಯವ ಪದಾರ್ಥ ಸೇರಿತು. ಒಂದಷ್ಟು ಕಬ್ಬಿಣದ ಜೊತೆ ತಳಕ್ಕಿಳಿದರೂ ಉಳಿದದ್ದರಿಂದ ಸಿಒಡಿ ಲೀಟರಿಗೆ 250 ಮಿ.ಗ್ರಾಂ ಮಿತಿ ಮೀರುವ ಅಪಾಯ ಇದ್ದೇ ಇದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಹೆಕ್ಸಾವೇಲೆಂಟ್ ಇದ್ದರೆ ನೇರಳೆ ಬಣ್ಣ ಕೊಡುವ ಡೈಫಿನೈಲ್ ಕಾರ್ಬಜೈಡ್ ಪರೀಕ್ಷೆಗೆ ಮಾದರಿಯನ್ನು ಆಮ್ಲೀಯಗೊಳಿಸಿದಾಗ ಉಳಿದಿದ್ದ ಕಷಾಯ ಅಲ್ಲೇ, ಪರೀಕ್ಷಾ ನಳಿಕೆಯಲ್ಲೇ ಕ್ರೋಮಿಯಂ ಅನ್ನು ಇಳಿಸಿಬಿಡುತ್ತದೆ. ನೇರಳೆ ಬಾರದು, ನೀವು ‘ಸೊನ್ನೆ’ ಎಂದು ಬರೆದುಕೊಳ್ಳುತ್ತೀರಿ, ತೊಟ್ಟಿಯಲ್ಲಿ ವಿಷ ಹಾಗೇ ಇರುತ್ತದೆ. ಟ್ರೈವೇಲೆಂಟ್ ಆದ ಕ್ರೋಮಿಯಂ ಕೂಡ ಪಾಲಿಫಿನಾಲಿಗೆ ಅಂಟಿ, ಸುಣ್ಣ ಹಾಕಿದರೂ ಪೂರ್ತಿ ಇಳಿಯದೆ ನೀರಿನಲ್ಲೇ ಉಳಿಯಬಹುದು. ಹೊರಬಿಡುವ ನೀರಿಗೆ ಲೀಟರಿಗೆ ಹೆಕ್ಸಾವೇಲೆಂಟ್ 0.1 ಮಿ.ಗ್ರಾಂ, ಒಟ್ಟು ಕ್ರೋಮಿಯಂ 2 ಮಿ.ಗ್ರಾಂ ಎಂಬ ಎರಡು ಮಿತಿಗಳಿವೆ. ಎರಡನ್ನೂ ಅಳೆಯಬೇಕು.

ಆದ್ದರಿಂದ ಈಗಿನ ವಿಧಾನವನ್ನೇ ಶಿಸ್ತಿನಿಂದ ಮಾಡಿ: ಗಂಧಕಾಮ್ಲದಿಂದ ಪಿಎಚ್ 2–2.5, ಮೆಟಾಬೈಸಲ್ಫೈಟ್, ಹಳದಿ ಹೋಗಿ ಹಸಿರು ಬಂದ ಮೇಲೂ ಅರ್ಧ ಗಂಟೆ ಕಲಕು, ಆಮೇಲೆ ಸುಣ್ಣದಿಂದ 8.5. ಪಿಎಚ್ 4ರಲ್ಲೇ ಮೆಟಾಬೈಸಲ್ಫೈಟ್ ಸುರಿದರೆ ಕ್ರಿಯೆ ತೆವಳುತ್ತದೆ, ಪುಡಿ ದಂಡ. ಮಡ್ಡಿ ಅಪಾಯಕಾರಿ ತ್ಯಾಜ್ಯ, ಅಧಿಕೃತ ವಿಲೇವಾರಿ ಘಟಕಕ್ಕೇ ಹೋಗಬೇಕು.

ನ್ಯಾನೋ ಕಣಕ್ಕೆ ಕೆಲಸವಿರುವುದು ತೊಟ್ಟಿಯಲ್ಲಲ್ಲ, ತೊಟ್ಟಿ ಇಡಲಾಗದ ಕಡೆ, ಅಂದರೆ ಈಗಾಗಲೇ ಕೆಟ್ಟ ಅಂತರ್ಜಲದಲ್ಲಿ. ಅಮೆರಿಕದ ನ್ಯೂಜೆರ್ಸಿಯಂಥ ಕಡೆ ಬಾವಿ ತೋಡಿ ಕಣಗಳನ್ನು ನೆಲದೊಳಕ್ಕೆ ಒತ್ತಿದ್ದಾರೆ. ಲೋಹದ ಕಣಗಳು ಒಂದಕ್ಕೊಂದು ಅಂಟಿ ಹೆಚ್ಚು ದೂರ ಹರಿಯುವುದಿಲ್ಲ. ಎಲೆಯ ಸಾರ ಹೊದ್ದ ಕಣ ಚದುರಿ ಹರಿಯುತ್ತದೆ ಎಂಬುದೇ ಈ ವಿಧಾನದ ನಿಜವಾದ ಆಕರ್ಷಣೆ. ಆದರೆ ಅಲ್ಲಿನದು ಮರಳಿನ ಪದರ. ಬೆಂಗಳೂರಿನ ಕೆಳಗಿರುವುದು ನೈಸ್ ಎಂಬ ಗಟ್ಟಿ ಬಂಡೆ, ನೀರು ಬಿರುಕುಗಳಲ್ಲಿ ಓಡುತ್ತದೆ. ಒತ್ತಿದ ಕಣ ಯಾವ ಬಿರುಕು ಹಿಡಿದು ಯಾರ ಬೋರ್‌ವೆಲ್ ಸೇರುವುದೆಂದು ಮೊದಲು ಬಣ್ಣದ ಗುರುತು ಬಿಟ್ಟು ನೋಡದೆ ಕೈಹಾಕುವಂತಿಲ್ಲ.

ಪ್ರಶ್ನೆ: ನಮ್ಮೂರ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಇದೆ. ಈ ಕಣ ಅದನ್ನೂ ತೆಗೆಯುತ್ತದೆಯೇ?
(ಶಿಕ್ಷಕರು, ಪಾವಗಡ)

ಉತ್ತರ: ನೆಚ್ಚಬೇಡಿ. ಕ್ರೋಮಿಯಂನಂತೆ ಫ್ಲೋರೈಡನ್ನು ಅಪಕರ್ಷಿಸಿ ನಿರಪಾಯ ಮಾಡಲಾಗದು, ಏನಿದ್ದರೂ ಅಂಟಿಸಿಕೊಂಡು ತೆಗೆಯಬೇಕು. ಆ ಕೆಲಸಕ್ಕೆ ಆಕ್ಟಿವೇಟೆಡ್ ಅಲ್ಯೂಮಿನಾ ಇದೆ, ಪಟಿಕ ಮತ್ತು ಸುಣ್ಣ ಬಳಸುವ ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ) ಸಂಸ್ಥೆಯ ನಲ್ಗೊಂಡ ವಿಧಾನವಿದೆ. ಕುಡಿಯುವ ನೀರಿಗೆ ಎಲೆ ಕಷಾಯ ಬೆರೆಸಿದರೆ ಬಣ್ಣ, ವಾಸನೆ, ಬ್ಯಾಕ್ಟೀರಿಯಾಗೆ ಊಟ, ಇಷ್ಟೇ ಲಾಭ.

ಕಬ್ಬಿಣಕ್ಕೆ ಚೆನ್ನಾಗಿ ಅಂಟುವುದು ಆರ್ಸೆನಿಕ್. ಅದಕ್ಕೂ ನ್ಯಾನೋ ಬೇಕಿಲ್ಲ. ನೇಪಾಳದ ಕಾಂಚನ್ ಫಿಲ್ಟರ್‌ನಲ್ಲಿ ಮರಳಿನ ಮೇಲೆ 5 ಕೆಜಿ ಸಾದಾ ಕಬ್ಬಿಣದ ಮೊಳೆ ಹರಡಿರುತ್ತಾರೆ. ಸತು ಲೇಪನದ ಮೊಳೆ ನಡೆಯದು, ಯಾಕೆಂದರೆ ಕೆಲಸ ಮಾಡುವುದು ತುಕ್ಕು.

ಪ್ರಶ್ನೆ: ಪ್ರಯೋಗ ಮುಗಿದ ಮೇಲೆ ಉಳಿದ ಕಪ್ಪು ದ್ರಾವಣವನ್ನು ಶಾಲೆಯ ಕೈತೋಟಕ್ಕೆ ಹಾಕಬಹುದೇ? ಗಿಡದಿಂದ ಬಂದದ್ದಲ್ಲವೇ?
(ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹಾಸನ)

ಉತ್ತರ: ಗಿಡದಿಂದ ಬಂದದ್ದೆಲ್ಲ ನಿರಪಾಯವಾಗಿದ್ದರೆ ದತ್ತೂರಿಯನ್ನೂ ತಿನ್ನಬಹುದಿತ್ತು. ಮೇಲೆ ಹೇಳಿದ ಓಲೊಮೌಟ್ಸ್ ಅಧ್ಯಯನದಲ್ಲಿ ಚಹಾದಿಂದ ಮಾಡಿದ ಸಂಕೀರ್ಣ ಪಾಚಿಗೂ, ಡಾಫ್ನಿಯಾ ಎಂಬ ನೀರಿನ ಚಿಗಟಕ್ಕೂ ಕೇಡು ಮಾಡಿತ್ತು. ಹಾಗಾಗಿ ಕೆರೆ, ಚರಂಡಿ, ಮೀನಿನ ತೊಟ್ಟಿಗೆ ಬೇಡ. ತೋಟಕ್ಕೂ ಬೇಡ, ಫೆರಿಕ್ ಕ್ಲೋರೈಡ್ ಬಳಸಿದ್ದರೆ ದ್ರಾವಣ ಬೇರು ಸುಡುವಷ್ಟು ಹುಳಿಯಾಗಿರುತ್ತದೆ.

ಬಕೆಟ್ಟಿನಲ್ಲಿ ಸುಣ್ಣದ ತಿಳಿ ಹಾಕಿ ಪಿಎಚ್ 8ಕ್ಕೆ ಏರಿಸಿ, ಒಂದು ರಾತ್ರಿ ಬಿಡಿ. ತಳದ ಮಡ್ಡಿಯನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಡಿ, ತಿಳಿ ನೀರನ್ನು ಬೇಕಾದಷ್ಟು ನೀರು ಬೆರೆಸಿ ಶೌಚಾಲಯಕ್ಕೆ ಸುರಿಯಿರಿ. ಒಣಪುಡಿ ಹಾರುವಂಥದ್ದು, ಮುಟ್ಟುವಾಗ ಮಾಸ್ಕ್ ಇರಲಿ, ಫ್ಯಾನ್ ಆರಿಸಿ. ಈ ಮಾತು ಕಷಾಯ ಮತ್ತು ಕಬ್ಬಿಣದ ದ್ರಾವಣಕ್ಕಷ್ಟೇ. ಕ್ರೋಮಿಯಂ ಪ್ರಯೋಗವನ್ನು ಶಾಲೆಯಲ್ಲಿ ಮಾಡಿಸಲೇಬೇಡಿ. ಮಕ್ಕಳಿಗೆ ತೋರಿಸಲು ಚಹಾ ಡಿಕಾಕ್ಷನ್ನಿಗೆ ಎರಡು ಹನಿ ಅನ್ನಭೇದಿ ನೀರು, ಆ ಕಪ್ಪಿನ ಮೇಲೆ ನಾಲ್ಕು ಹನಿ ನಿಂಬೆರಸ ಸಾಕು. ಹುಳಿಗೆ ಸಂಕೀರ್ಣ ಸಡಿಲಗೊಂಡು ಕಪ್ಪು ಕಳೆಗುಂದುತ್ತದೆ.